ಅಧ್ಯಾಪಕ ಪೀಠದಿಂದ ಮಂತ್ರಿಪದವಿಗೆ: ಡಾಕ್ಟರ್ ವಿ. ಕೆ. ಆರ್. ವಿ. ರಾಯರು



ಕಳೆದ ವರ್ಷ ನಮ್ಮ ಶಾಲೆಯ ಭಾಷಣಸ್ಪರ್ಧೆಯಲ್ಲಿ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಜರ್ಮನಿ ದೇಶದ ಆಂಗೇಲಾ ಮೆರ್ಕೆಲ್ ಎಂಬ ಮಹಿಳೆಯ ವಿಷಯವಾಗಿ ಮಾತನಾಡಿದಳು. ಆಕೆಯು ಪಾದ್ರಿಯೊಬ್ಬರ ಮಗಳು. ಲೈಪ್ಸಿಗ್ ನಗರದಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗಮಾಡಿ ೧೯೮೬ನೆಯ ಇಸವಿಯಲ್ಲಿ ಡಾಕ್ಟರ್ ಪದವಿಯನ್ನು ಹೊಂದಿದವರು. ಬರ್ಲಿನ್ ನಗರದ ಗೋಡೆಯು ಬಿದ್ದ ತರುವಾಯ ಸಂಶೋಧನೆಯನ್ನು ಬಿಟ್ಟು ರಾಜಕೀಯವನ್ನು ಪ್ರವೇಶಿಸಿ, ೨೦೦೫ರಿಂದ ೨೦೨೧ರವರೆಗೆ ಆ ದೇಶದ ಚಾನ್ಸೆಲರ್ ಆಗಿದ್ದವರು. ೨೦೧೫ನೆಯ ಅಕ್ಟೋಬರಿನಲ್ಲಿ ಅವರು ನಮ್ಮ ಬೆಂಗಳೂರಿಗೂ ಬಂದು ಆಡುಗೋಡಿಯ ಬಾಷ್ ಕಾರ್ಖಾನೆಯನ್ನು ನೋಡಿಹೋದದ್ದುಂಟು. ಭಾಷಣವು ಚೆನ್ನಾಗಿತ್ತು, ಬಹುಮಾನವೂ ಬಂದಿತು. ಸಭೆ ಮುಗಿದ ಮೇಲೆ ಎಂಟನೆಯ ತರಗತಿಯ ಮತ್ತೊಬ್ಬ ಹುಡುಗಿಯು ನನ್ನ ಬಳಿಗೆ ಬಂದು, "ಮಿಸ್, ನಮ್ಮ ಕಡೆಯೂ ಹೀಗೆ ಪಾಠ ಹೇಳುತ್ತಿದ್ದವರು ಮಂತ್ರಿಗಳಾದದ್ದುಂಟೆ?" ಎಂದು ಕೇಳಿದಳು. ಗಂಟೆ ಬಾರಿಸಿದ್ದರಿಂದ ನಾನು ಒಂದು ಹೆಸರನ್ನು ಮಾತ್ರ ಹೇಳಿ ಆಕೆಯನ್ನು ತರಗತಿಗೆ ಕಳುಹಿಸಿದೆನು. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಈ ಸಂಚಿಕೆಯಲ್ಲಿ ಪೂರ್ತಿಮಾಡಬೇಕೆಂದು ನನ್ನ ಇಚ್ಛೆ.

ಜರ್ಮನಿಯಲ್ಲಿ ಪಂಡಿತರು ರಾಜಕೀಯಕ್ಕೆ ಬರುವುದು ವಿಶೇಷವೇನಲ್ಲ. ೧೯೬೩ರಿಂದ ೧೯೬೬ರವರೆಗೆ ಚಾನ್ಸೆಲರ್ ಆಗಿದ್ದ ಎರ್ಹಾರ್ಡ್ ಎಂಬವರು ಅರ್ಥಶಾಸ್ತ್ರದಲ್ಲಿ ಡಾಕ್ಟರ್ ಪದವೀಧರರು. ಆ ಬಳಿಕ ಬಂದ ಕೋಲ್ ಎಂಬವರು ಚರಿತ್ರೆಯಲ್ಲಿ. ನಮ್ಮ ದೇಶದಲ್ಲಿಯೂ ಈ ಪರಂಪರೆಯು ಹಳೆಯದೇ. ದಾದಾಭಾಯಿ ನವರೋಜಿಯವರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರೊಫೆಸರಾಗಿದ್ದು, ೧೮೯೨ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೇ ಚುನಾಯಿತರಾದರು. ನಮ್ಮ ಕನ್ನಡ ನಾಡಿನಿಂದ ಪಾರ್ಲಿಮೆಂಟಿಗೆ ಹೋದ ಅಧ್ಯಾಪಕರಲ್ಲಿ ನಾನು ಅಂದು ಹೇಳಿದ ಹೆಸರು ಡಾಕ್ಟರ್ ವಿ. ಕೆ. ಆರ್. ವಿ. ರಾಯರದು. ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ ಎಂಬುದು ಪೂರ್ಣನಾಮ. ಮಕ್ಕಳು ಈ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ಪ್ರಯತ್ನಿಸಿ ನಗುವುದನ್ನು ನಾನು ಕಂಡಿದ್ದೇನೆ.

ರಾಯರು ೧೯೦೮ನೆಯ ಇಸವಿ ಜುಲೈ ೮ರಂದು ಕಂಚಿಯಲ್ಲಿ ಜನಿಸಿದರು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ಕಲಿತರು. ಭಾರತದ ಆದಾಯ ತೆರಿಗೆಯ ವಿಚಾರವಾಗಿ ಅವರು ಬರೆದ ಗ್ರಂಥವು ೧೯೩೧ರಲ್ಲಿ, ಎಂದರೆ ಅವರಿಗೆ ಇಪ್ಪತ್ತಮೂರು ವರ್ಷ ವಯಸ್ಸಾಗಿದ್ದಾಗಲೇ, ಅಚ್ಚಾಯಿತು. ಅನಂತರ ಇಂಗ್ಲೆಂಡಿಗೆ ಹೋಗಿ, ಕೀನ್ಸ್, ಪಿಗೂ ಮೊದಲಾದ ಪ್ರಸಿದ್ಧ ಪಂಡಿತರಿದ್ದ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ೧೯೩೭ರಲ್ಲಿ ಡಾಕ್ಟರ್ ಪದವಿಯನ್ನು ಸಂಪಾದಿಸಿದರು. ಅಲ್ಲಿ ಅವರು ಕೈಕೊಂಡ ಪ್ರಶ್ನೆಯು ಕೇಳುವುದಕ್ಕೆ ಬಹು ಸುಲಭ: ನಮ್ಮ ದೇಶದ ಜನರೆಲ್ಲರೂ ಸೇರಿ ಒಂದು ವರ್ಷದಲ್ಲಿ ಎಷ್ಟು ಸಂಪಾದಿಸುತ್ತಾರೆ? ಉತ್ತರ ಹೇಳುವುದು ಮಾತ್ರ ಅಷ್ಟು ಸುಲಭವಲ್ಲ. ಏಕೆಂಬುದನ್ನು ಸ್ವಲ್ಪ ವಿವರಿಸುತ್ತೇನೆ.

ನಮ್ಮ ಫ್ರೇಜರ್ ಟೌನಿನ ಒಂದು ಬೇಕರಿಯನ್ನು ತೆಗೆದುಕೊಳ್ಳೋಣ. ರೈತನು ಹತ್ತು ರೂಪಾಯಿಗೆ ಗೋಧಿಯನ್ನು ಮಾರಿದನು. ಗಿರಣಿಯವನು ಅದನ್ನು ಹಿಟ್ಟುಮಾಡಿ ಹದಿನೈದು ರೂಪಾಯಿಗೆ ಮಾರಿದನು. ಬೇಕರಿಯವನು ಬ್ರೆಡ್ಡನ್ನು ಸುಟ್ಟು ಮೂವತ್ತು ರೂಪಾಯಿಗೆ ಮಾರಿದನು ಎಂದಿಟ್ಟುಕೊಳ್ಳಿ. ಹತ್ತು, ಹದಿನೈದು, ಮೂವತ್ತು ಇವನ್ನು ಕೂಡಿದರೆ ಐವತ್ತೈದು ರೂಪಾಯಿ ಆಗುತ್ತದೆ. ಆದರೆ ನಿಜವಾಗಿ ಹುಟ್ಟಿದ ಸಂಪತ್ತು ಮೂವತ್ತು ರೂಪಾಯಿಯದು ಮಾತ್ರ. ಏಕೆಂದರೆ ಬ್ರೆಡ್ಡಿನ ಬೆಲೆಯಲ್ಲಿ ಹಿಟ್ಟಿನ ಬೆಲೆಯೂ, ಹಿಟ್ಟಿನ ಬೆಲೆಯಲ್ಲಿ ಗೋಧಿಯ ಬೆಲೆಯೂ ಮೊದಲೇ ಅಡಗಿವೆ. ಆದುದರಿಂದ ರೈತನ ಹತ್ತು, ಗಿರಣಿಯವನು ಕೂಡಿಸಿದ ಐದು, ಬೇಕರಿಯವನು ಕೂಡಿಸಿದ ಹದಿನೈದು ಎಂದು ಎಣಿಸಬೇಕು. ಒಂದೇ ವಸ್ತುವನ್ನು ಎರಡು ಸಾರಿ ಎಣಿಸದಿರುವುದು ಮೊದಲನೆಯ ಎಚ್ಚರಿಕೆ.

ಇನ್ನು ಎರಡನೆಯ ತೊಡಕು. ಗೋಧಿಯನ್ನು ತೂಗಬಹುದು, ಆದರೆ ಶಿವಾಜಿನಗರದ ಹಮಾಲಿಯ ದುಡಿಮೆಯನ್ನೂ, ಕ್ಷೌರಿಕನ ಕೆಲಸವನ್ನೂ, ಹಲಸೂರಿನ ಅಗಸನ ಕೆಲಸವನ್ನೂ, ನನ್ನಂತಹ ಉಪಾಧ್ಯಾಯಿನಿಯ ಪಾಠವನ್ನೂ ಯಾವ ತಕ್ಕಡಿಯಲ್ಲಿ ತೂಗುವುದು? ಇದಕ್ಕೆ ರಾಯರು ಎರಡು ದಾರಿಗಳನ್ನು ಕೂಡಿಸಿದರು. ಹೊಲ, ಗಣಿ, ಅರಣ್ಯ ಮುಂತಾದ ಕಡೆ ಹುಟ್ಟಿದ ಪದಾರ್ಥಗಳ ಪ್ರಮಾಣವನ್ನು ಬೆಲೆಕಟ್ಟಿ, ಬೀಜ ಮೊದಲಾದ ಖರ್ಚನ್ನು ಕಳೆದರು. ವ್ಯಾಪಾರ, ಸಾರಿಗೆ, ನೌಕರಿ, ಮನೆಗೆಲಸ ಇಂಥ ಕಸುಬುಗಳಲ್ಲಿ ಎಷ್ಟು ಜನರಿದ್ದಾರೆಂಬುದನ್ನು ೧೯೩೧ರ ಜನಗಣತಿಯಿಂದ ತೆಗೆದುಕೊಂಡು, ಒಬ್ಬೊಬ್ಬರಿಗೆ ಸರಾಸರಿ ಎಷ್ಟು ಸಂಪಾದನೆಯೆಂಬುದನ್ನು ಕಂಡುಹಿಡಿದು ಗುಣಿಸಿದರು. ಗಣಕಯಂತ್ರಗಳಿಲ್ಲದ ಕಾಲವದು. ಅನೇಕ ಕಸುಬುಗಳ ವಿಷಯದಲ್ಲಿ ಸರ್ಕಾರದ ಕಡತಗಳಲ್ಲಿ ಅಂಕೆಗಳೇ ಇರಲಿಲ್ಲ.

ಈ ಶ್ರಮದ ಫಲವು ೧೯೪೦ರಲ್ಲಿ ಗ್ರಂಥವಾಗಿ ಹೊರಬಂದಿತು. ೧೯೩೧-೩೨ನೆಯ ಸಾಲಿನಲ್ಲಿ ಬ್ರಿಟಿಷ್ ಭಾರತದ ಒಟ್ಟು ಆದಾಯವು ಸುಮಾರು ೧,೬೮೯ ಕೋಟಿ ರೂಪಾಯಿ. ತಲೆಯೊಂದಕ್ಕೆ ವರ್ಷಕ್ಕೆ ೬೨ ರೂಪಾಯಿ. ಎಂದರೆ ತಿಂಗಳಿಗೆ ಐದು ರೂಪಾಯಿಗಿಂತ ಸ್ವಲ್ಪ ಹೆಚ್ಚು, ದಿನಕ್ಕೆ ಮೂರಾಣೆಗೂ ಕಡಿಮೆ. ಅದೂ ಸರಾಸರಿ ಲೆಕ್ಕ. ಶ್ರೀಮಂತನ ಪಾಲೂ ಅದರಲ್ಲಿ ಸೇರಿರುವುದರಿಂದ ಬಡವನ ಕೈಗೆ ಬಂದದ್ದು ಅದಕ್ಕಿಂತಲೂ ಕಡಿಮೆ. ಇದಕ್ಕೆ ಮೊದಲು ದಾದಾಭಾಯಿಯವರು ೧೮೬೭-೬೮ಕ್ಕೆ ತಲೆಗೆ ೨೦ ರೂಪಾಯಿ ಎಂದು ಅಂದಾಜು ಮಾಡಿದ್ದರು. ವೈಸ್‌ರಾಯ್ ಕರ್ಜನ್ ಸಾಹೇಬರು ೧೯೦೧ರಲ್ಲಿ ೩೦ ರೂಪಾಯಿ ಎಂದಿದ್ದರು. ಆ ವಾದಗಳಲ್ಲಿ ಒಂದು ಪಕ್ಷವು ಬಡತನವನ್ನು ತೋರಿಸಬೇಕೆಂದೂ ಇನ್ನೊಂದು ಏಳಿಗೆಯನ್ನು ತೋರಿಸಬೇಕೆಂದೂ ಹೊರಟಿದ್ದವು. ಎಣಿಕೆಯ ಕ್ರಮವನ್ನೇ ಶಾಸ್ತ್ರವಾಗಿ ಕಟ್ಟಿ, ಯಾರು ಬೇಕಾದರೂ ಪರೀಕ್ಷಿಸಬಹುದಾದಂತೆ ಮುಂದಿಟ್ಟದ್ದು ರಾಯರ ಹೆಚ್ಚುಗಾರಿಕೆ. ಸ್ವಾತಂತ್ರ್ಯಾನಂತರ ೧೯೪೯ರಲ್ಲಿ ಭಾರತ ಸರ್ಕಾರವು ಮಹಲನೋಬಿಸರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಆದಾಯ ಸಮಿತಿಯನ್ನು ನೇಮಿಸಿದಾಗ, ಗಾಡ್ಗೀಳರೊಡನೆ ರಾಯರನ್ನೂ ಅದರ ಸದಸ್ಯರನ್ನಾಗಿ ಮಾಡಿತು.

ಇಲ್ಲಿ ತಾಯಂದಿರಿಗೆ ಒಂದು ಮಾತು. ಈ ಲೆಕ್ಕದಲ್ಲಿ ಬೇಕರಿಯವನ ಬ್ರೆಡ್ಡು ಸೇರುತ್ತದೆ. ನೀವು ಮನೆಯಲ್ಲಿ ತಟ್ಟಿದ ರೊಟ್ಟಿ ಸೇರುವುದಿಲ್ಲ. ಸಂಬಳದ ಅಡಿಗೆಯವಳ ದುಡಿಮೆ ಸೇರುತ್ತದೆ. ತಾಯಿಯ ದುಡಿಮೆ ಸೇರುವುದಿಲ್ಲ. ಯಜಮಾನನೊಬ್ಬನು ತನ್ನ ಮನೆಗೆಲಸದವಳನ್ನೇ ಮದುವೆಯಾದರೆ, ಆಕೆಯು ಮೊದಲಿನಂತೆಯೇ ದುಡಿಯುತ್ತಿದ್ದರೂ ದೇಶದ ಆದಾಯವು ಕಡಿಮೆಯಾಗುವುದೆಂದು ಕೇಂಬ್ರಿಜ್ಜಿನ ಪಿಗೂ ಪಂಡಿತರು ಈ ವಿಚಿತ್ರವನ್ನು ಬಹಳ ಹಿಂದೆಯೇ ಎತ್ತಿ ತೋರಿಸಿದ್ದರು. ಇದು ಇಂದಿಗೂ ಸರಿಹೋಗಿಲ್ಲ. ನಮ್ಮ ಹುಡುಗಿಯರಲ್ಲಿ ಯಾರಾದರೂ ಇದನ್ನು ಬಿಡಿಸಲು ಹೊರಟರೆ ನನಗೆ ಪರಮ ಸಂತೋಷ.

೧೯೪೨ರಲ್ಲಿ ರಾಯರು ದೆಹಲಿ ವಿಶ್ವವಿದ್ಯಾನಿಲಯಕ್ಕೆ ಅರ್ಥಶಾಸ್ತ್ರದ ಪ್ರೊಫೆಸರಾಗಿ ಬಂದರು. ೧೯೪೯ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಎಂಬ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಅಮರ್ತ್ಯ ಸೇನರೂ ಮನಮೋಹನ ಸಿಂಗರೂ ಪಾಠ ಹೇಳಿದ್ದು ಆ ಸಂಸ್ಥೆಯಲ್ಲಿಯೇ. ೧೯೫೭ರಿಂದ ೧೯೬೦ರವರೆಗೆ ರಾಯರು ಆ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಆ ಅವಧಿಯಲ್ಲಿಯೇ, ೧೯೫೮ರಲ್ಲಿ, ಆರ್ಥಿಕ ಬೆಳವಣಿಗೆಯ ಸಂಶೋಧನೆಗಾಗಿ ಇನ್ನೊಂದು ಸಂಸ್ಥೆಯನ್ನು ಕಟ್ಟಿದರು. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರನ್ನು ೧೯೫೯ರಲ್ಲಿ ದೆಹಲಿಗೆ ಕರೆತಂದು ಸಮಾಜಶಾಸ್ತ್ರದ ವಿಭಾಗವನ್ನು ಆರಂಭಿಸಿದವರೂ ಅವರೇ.

ಈ ಮಧ್ಯೆ ವಿಶ್ವಸಂಸ್ಥೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆನು. ಬಡದೇಶಗಳ ಅಭಿವೃದ್ಧಿಯನ್ನು ಕುರಿತ ಉಪಸಮಿತಿಯೊಂದಕ್ಕೆ ಅಧ್ಯಕ್ಷರಾಗಿದ್ದ ರಾಯರು, ಅಂಥ ದೇಶಗಳಿಗೆ ಅಲ್ಪ ಬಡ್ಡಿಗೆ, ದೀರ್ಘಾವಧಿಗೆ ಸಾಲ ಕೊಡುವ ಏರ್ಪಾಡೊಂದು ಬೇಕೆಂದು ೧೯೪೯ರಲ್ಲಿ ಸೂಚಿಸಿದರು. ಧನಿಕ ದೇಶಗಳು ಒಪ್ಪಲಿಲ್ಲ. ಚರ್ಚೆಯು ವರ್ಷಾನುಗಟ್ಟಲೆ ನಡೆಯಿತು. ನಿಧಿಗೆ ಸೂಚಿಸಿದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ 'ಅನ್‌ಫೆಡ್', ಎಂದರೆ 'ಊಟವಿಲ್ಲದವರು', ಎಂದಾಗುತ್ತಿದ್ದುದರಿಂದ, 'ವಿಶೇಷ' ಎಂಬರ್ಥದ ಪದವೊಂದನ್ನು ಮುಂದೆ ಸೇರಿಸಿ 'ಸನ್‌ಫೆಡ್' ಎಂದು ಮಾಡಿದರಂತೆ! ಹೆಸರನ್ನು ತಿದ್ದಿದರೂ ನಿಧಿಯು ಬರಲಿಲ್ಲ. ಕೊನೆಗೆ ೧೯೬೦ರಲ್ಲಿ ವಿಶ್ವ ಬ್ಯಾಂಕಿನ ಅಂಗವಾಗಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘವು ಹುಟ್ಟಿ, ಸುಲಭ ಸಾಲದ ಆ ಯೋಚನೆಯು ಬೇರೊಂದು ರೂಪದಲ್ಲಿ ಕೈಗೂಡಿತು. ಆ ಸಂಘದಿಂದ ಅತ್ಯಧಿಕವಾಗಿ ಸಾಲ ಪಡೆದ ದೇಶಗಳಲ್ಲಿ ನಮ್ಮದೂ ಒಂದು.

೧೯೬೩ರಿಂದ ಮೂರು ವರ್ಷ ಯೋಜನಾ ಆಯೋಗದ ಸದಸ್ಯರಾಗಿದ್ದ ಮೇಲೆ, ೧೯೬೭ರ ಚುನಾವಣೆಯಲ್ಲಿ ರಾಯರು ಬಳ್ಳಾರಿ ಕ್ಷೇತ್ರದಿಂದ ಕಾಂಗ್ರೆಸ್ ಪಕ್ಷದ ಪರವಾಗಿ ಲೋಕಸಭೆಗೆ ಆರಿಸಿಬಂದರು. ಆಗ ಅವರಿಗೆ ಐವತ್ತೆಂಟು ವರ್ಷ. ನಾನು ಮೇಲೆ ಹೇಳಿದ ೬೨ ರೂಪಾಯಿಯ ಲೆಕ್ಕದಲ್ಲಿ ಮೈಸೂರಿನಂತಹ ಸಂಸ್ಥಾನಗಳು ಸೇರಿರಲಿಲ್ಲ. ಆದರೆ ಬಳ್ಳಾರಿಯು ಆ ಕಾಲದಲ್ಲಿ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ರೈತರೂ ಕೂಲಿಗಳೂ ಆ ಗಣನೆಯಲ್ಲಿದ್ದರು. ೧೯೫೩ರಲ್ಲಿ ಆ ಜಿಲ್ಲೆಯು ಮೈಸೂರಿಗೆ ಸೇರಿತು. ಕೇಂಬ್ರಿಜ್ಜಿನ ಕೊಠಡಿಯಲ್ಲಿ ಕುಳಿತು ಯಾರ ಆದಾಯವನ್ನು ಗುಣಿಸಿ ಭಾಗಿಸಿದ್ದರೋ ಅವರ ಊರಿನವರ ಮುಂದೆಯೇ ನಿಂತು ಮೂವತ್ತು ವರ್ಷಗಳ ಮೇಲೆ ಮತ ಕೇಳಬೇಕಾಗಿ ಬಂದಿತು. ಪರೀಕ್ಷೆಯೆಂದರೆ ಇದೇ ಅಲ್ಲವೆ? ೧೯೭೧ರಲ್ಲಿಯೂ ಅದೇ ಜನರು ಅವರನ್ನು ಮತ್ತೆ ಆರಿಸಿದರು.

ಕೇಂದ್ರ ಮಂತ್ರಿಮಂಡಲದಲ್ಲಿ ಅವರು ಇದ್ದದ್ದು ನಾಲ್ಕೇ ವರ್ಷ. ಮೊದಲು ಸಾರಿಗೆ ಮತ್ತು ಹಡಗುಗಳ ಶಾಖೆ; ೧೯೬೯ರ ಫೆಬ್ರವರಿಯಿಂದ ವಿದ್ಯಾಭ್ಯಾಸ ಮತ್ತು ಯುವಜನ ಸೇವೆಯ ಶಾಖೆ. ಎರಡನೆಯ ಶಾಖೆಯಲ್ಲಿ ಆದ ಕೆಲಸವೇ ನಮಗೆ ಹತ್ತಿರದ್ದು. ಸಮಾಜವಿಜ್ಞಾನಗಳ ಸಂಶೋಧನೆಗೆ ದೇಶದಲ್ಲಿ ಏನು ಮಾಡಬೇಕೆಂದು ವಿಚಾರಿಸಲು ಮೊದಲೇ ಒಂದು ಸಮಿತಿಯನ್ನು ನೇಮಿಸಲಾಗಿತ್ತು; ಅದರ ಅಧ್ಯಕ್ಷರು ರಾಯರೇ ಆಗಿದ್ದರು. ಸಮಿತಿಗಳ ವರದಿಗಳು ಸಾಧಾರಣವಾಗಿ ಬೀರುವಿನಲ್ಲಿ ಮಲಗುವುವು. ಇಲ್ಲಿಯಾದರೋ ವರದಿ ಬರೆದವರೇ ಮಂತ್ರಿಗಳಾದರು. ೧೯೬೯ರಲ್ಲಿಯೇ ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತು ಸ್ಥಾಪಿತವಾಯಿತು. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯು ಆರಂಭವಾದದ್ದೂ ಆ ವರ್ಷದ ಜುಲೈ ತಿಂಗಳಲ್ಲಿ.

ಅದೇ ವರ್ಷ, ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಸೆಪ್ಟೆಂಬರ್ ೨೪ರಂದು ರಾಯರು ರಾಷ್ಟ್ರೀಯ ಸೇವಾ ಯೋಜನೆಯನ್ನು ಪ್ರಾರಂಭಿಸಿದರು. ಆಗ ೩೭ ವಿಶ್ವವಿದ್ಯಾನಿಲಯಗಳು, ೪೦,೦೦೦ ವಿದ್ಯಾರ್ಥಿಗಳು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಕಾಲೇಜಿಗೆ ಹೋದ ಮೇಲೆ ಕೊನಾರ್ಕದ ರಥಚಕ್ರದ ಬಿಲ್ಲೆಯನ್ನು ಎದೆಯ ಮೇಲೆ ಧರಿಸಿದ್ದೀರಿ. ಆ ಚಕ್ರದ ಎಂಟು ಅರಗಳು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಸೂಚಿಸುವುವೆಂದು ನಿಮಗೆ ಹೇಳಿಕೊಟ್ಟಿರಬಹುದು. ನಾನೂ ಧರಿಸಿದ್ದೆನು. ಕೃಷ್ಣರಾಜಪುರದಿಂದಾಚೆಯ ಒಂದು ಹಳ್ಳಿಯಲ್ಲಿ ಹತ್ತು ದಿನ ಬಿಡಾರ ಮಾಡಿ, ಚರಂಡಿ ತೋಡಿ, ಸಾಯಂಕಾಲ ಮನೆಮನೆಗೆ ಹೋಗಿ ಎಷ್ಟು ಮಂದಿ ಮಕ್ಕಳು ಶಾಲೆಗೆ ಹೋಗುತ್ತಿಲ್ಲವೆಂದು ಬರೆದುಕೊಂಡೆವು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು, "ಬರಕೊಂಡು ಏನ್ಮಾಡ್ತೀಯವ್ವ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬರೆದುಕೊಂಡದ್ದು ಎಲ್ಲಿಗೆ ಹೋಗುತ್ತದೆ, ಅದರಿಂದ ಏನಾಗುತ್ತದೆ ಎಂಬುದನ್ನು ನಮಗೆ ಯಾರೂ ತಿಳಿಸಿರಲಿಲ್ಲ. ಆ ಯೋಜನೆಯನ್ನು ಆರಂಭಿಸಿದವರು ದೇಶದ ಬಡತನವನ್ನು ಅಂಕೆಗಳಲ್ಲಿ ಹಿಡಿದ ವಿದ್ವಾಂಸರೆಂಬುದೂ ನನಗೆ ತಿಳಿದದ್ದು ಬಹಳ ವರ್ಷಗಳ ತರುವಾಯ.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಧರ್ಮ. ಹನ್ನೊಂದು ವರ್ಷಗಳ ಕೆಳಗೆ ಹತ್ತನೆಯ ತರಗತಿಯಲ್ಲಿ ಸಮಾಜಶಾಸ್ತ್ರಗಳಲ್ಲಿ ಎಲ್ಲರಿಗಿಂತಲೂ ಮುಂದಿದ್ದ ಹುಡುಗಿಯೊಬ್ಬಳು ತಂದೆಯೊಡನೆ ನನ್ನ ಕೊಠಡಿಗೆ ಬಂದಳು. ಆಕೆಗೆ ಪಿ.ಯು.ಸಿ.ಯಲ್ಲಿ ಆರ್ಟ್ಸ್ ಓದಬೇಕೆಂಬ ಆಸೆ. ತಂದೆಗೆ ಮನಸ್ಸಿಲ್ಲ. "ಮಿಸ್ ಹೇಳಿದಂತೆ ಕೇಳು" ಎಂದು ಅವರು ನನ್ನ ಮೇಲೆಯೇ ಭಾರ ಹಾಕಿದರು. ಅಂಕಗಳು ಚೆನ್ನಾಗಿರುವಾಗ ಆರ್ಟ್ಸ್ ಏಕೆ, ಸೈನ್ಸ್ ತೆಗೆದುಕೋ ಎಂದೆನು. ಎರಡನೆಯ ವರ್ಷದಲ್ಲಿ ಆಕೆಯು ಉತ್ತೀರ್ಣಳಾಗಲಿಲ್ಲ. ಓದು ಅಲ್ಲಿಗೆ ನಿಂತಿತು. ಆಕೆಯು ಈಗ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುತ್ತಾಳೆ. ನನ್ನನ್ನು ಕಂಡಾಗ ಎದ್ದುನಿಂತು ನಮಸ್ಕರಿಸುತ್ತಾಳೆ. ಆ ನಮಸ್ಕಾರವನ್ನು ಸ್ವೀಕರಿಸುವುದು ನನಗೆ ಕಷ್ಟ. ಸಮಾಜದ ಅಧ್ಯಯನಕ್ಕೆ ದೆಹಲಿಯಲ್ಲಿ ರಾಷ್ಟ್ರೀಯ ಪರಿಷತ್ತೇ ಬೇಕೆಂದು ಒಬ್ಬ ಮಂತ್ರಿಗಳು ೧೯೬೯ರಲ್ಲಿ ತೀರ್ಮಾನಿಸಿದ್ದರು. ನನ್ನ ಕೊಠಡಿಯಲ್ಲಿ ಅದು ಅಂಕ ಬಾರದವರ ಪಾಲಿನ ವಿದ್ಯೆಯಾಗಿತ್ತು. ಮಾನ್ಯ ತಂದೆತಾಯಿಗಳೇ, ಪ್ರತಿ ಮೇ ತಿಂಗಳಲ್ಲಿ ನೀವು ನನ್ನ ಎದುರಿಗೆ ಕುಳಿತು ಕೇಳುವ ಪ್ರಶ್ನೆಗೆ ನಾನು ಈಚೆಗೆ ಬೇರೆ ವಿಧದಲ್ಲಿ ಉತ್ತರಿಸುತ್ತಿರುವುದು ಏತಕ್ಕೆಂದು ನಿಮ್ಮಲ್ಲಿ ಕೆಲವರು ಆಶ್ಚರ್ಯಪಟ್ಟಿರುವಿರಿ. ಕಾರಣವು ಇದು.

೧೯೭೧ರ ಚುನಾವಣೆಯ ಅನಂತರ ರಾಯರಿಗೆ ಮಂತ್ರಿಪದವಿ ಉಳಿಯಲಿಲ್ಲ. ಅಧಿಕಾರ ಹೋದ ಮೇಲೆ ದೆಹಲಿಯ ಓಣಿಗಳಲ್ಲಿಯೇ ಸುತ್ತುತ್ತಾ ಕರೆಗಾಗಿ ಕಾಯುವವರುಂಟು. ಇವರು ಮರುವರ್ಷವೇ, ೧೯೭೨ರ ಜನವರಿಯಲ್ಲಿ, ನಮ್ಮ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನಕ್ಕಾಗಿ ಹೊಸ ಸಂಸ್ಥೆಯೊಂದನ್ನು ಹುಟ್ಟುಹಾಕಿದರು. ನಗರದವರು ಅದನ್ನು 'ಐಸೆಕ್' ಎಂದು ಕರೆಯುತ್ತಾರೆ, ನಾಗರಭಾವಿಯಲ್ಲಿದೆ. ದೆಹಲಿಯಿಂದ ಎಂ. ಎನ್. ಶ್ರೀನಿವಾಸರೂ ಬಂದು ಜೊತೆಗೂಡಿದರು. ಹದಿಮೂರು ವರ್ಷಗಳ ಹಿಂದೆ ಶ್ರೀನಿವಾಸರನ್ನು ದೆಹಲಿಗೆ ಕರೆದಿದ್ದವರೇ ಈಗ ಕನ್ನಡ ನಾಡಿನಲ್ಲಿಯೂ ಕೆಲಸ ಹಚ್ಚಿದರು! ರಾಯರು ೧೯೭೭ರವರೆಗೆ ಅದರ ನಿರ್ದೇಶಕರಾಗಿದ್ದರು. ೧೯೭೪ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯು ಬಂದಿತು. ಅವರು ಕಟ್ಟಿದ ಮೂರು ದೊಡ್ಡ ಸಂಸ್ಥೆಗಳಲ್ಲಿ ಮೊದಲನೆಯದು ಮಂತ್ರಿಯಾಗುವುದಕ್ಕೆ ಹದಿನೆಂಟು ವರ್ಷ ಮುಂಚೆ, ಕೊನೆಯದು ಮಂತ್ರಿಪದವಿ ಹೋದ ಮೇಲೆ. ಇದನ್ನು ನೋಡಿದರೆ, ಆ ನಾಲ್ಕು ವರ್ಷಗಳು ಅಧ್ಯಾಪಕನೊಬ್ಬನು ನಡುವೆ ತೆಗೆದುಕೊಂಡ ಬೇರೊಂದು ತರಗತಿಯಂತೆ ನನಗೆ ತೋರುತ್ತದೆ. ಇದು ನನ್ನ ಅಭಿಪ್ರಾಯ. ರಾಜಕೀಯವನ್ನು ಬಲ್ಲವರು ಒಪ್ಪದಿರಬಹುದು.

೧೯೯೧ನೆಯ ಇಸವಿ ಜುಲೈ ೨೫ರಂದು ರಾಯರು ದಿವಂಗತರಾದರು. ಅದರ ಹಿಂದಿನ ದಿನವಷ್ಟೇ, ದೆಹಲಿ ಸ್ಕೂಲಿನಲ್ಲಿ ಒಂದು ಕಾಲಕ್ಕೆ ಪ್ರೊಫೆಸರಾಗಿದ್ದ ಮನಮೋಹನ ಸಿಂಗರು ಅರ್ಥಮಂತ್ರಿಗಳಾಗಿ ಲೋಕಸಭೆಯಲ್ಲಿ ತಮ್ಮ ಮೊದಲನೆಯ ಆಯವ್ಯಯವನ್ನು ಮಂಡಿಸಿದ್ದರು.

ಮೊನ್ನೆ ಡಿಸೆಂಬರಿನಲ್ಲಿ, ಮುಂಚಿತವಾಗಿ ಅನುಮತಿ ಪಡೆದು, ಒಂಬತ್ತನೆಯ ತರಗತಿಯ ಹನ್ನೆರಡು ಹುಡುಗಿಯರನ್ನು ನಾನು ನಾಗರಭಾವಿಗೆ ಕರೆದುಕೊಂಡು ಹೋದೆನು. ನನ್ನನ್ನು ಅಂದು ಪ್ರಶ್ನೆ ಕೇಳಿದ ಬಾಲಿಕೆಯೂ ಅವರಲ್ಲಿದ್ದಳು. ಹಲಸೂರಿನಲ್ಲಿ ಮೆಟ್ರೋ ರೈಲನ್ನು ಹತ್ತಿದರೆ ಎಲ್ಲಿಯೂ ರೈಲು ಬದಲಾಯಿಸದೆ ನಗರದ ಪಶ್ಚಿಮಕ್ಕೆ ಹೋಗಬಹುದು, ಅಲ್ಲಿಂದ ಆಟೋ. ಸಂಸ್ಥೆಯ ಗ್ರಂಥಾಲಯಕ್ಕೆ ರಾಯರ ಹೆಸರನ್ನೇ ಇಟ್ಟಿದ್ದಾರೆ. ಅಷ್ಟೊಂದು ಪುಸ್ತಕಗಳ ನಡುವೆ ಮಕ್ಕಳು ತಮ್ಮಷ್ಟಕ್ಕೆ ತಾವೇ ಪಿಸುಮಾತಿಗೆ ಇಳಿದರು.

ಹಿಂದಿರುಗುವಾಗ ಹುಡುಗಿಯೊಬ್ಬಳು ರಸೆಲ್ ಮಾರುಕಟ್ಟೆಯ ಬಳಿ ಮಲ್ಲಿಗೆ ಮಾರುವ ತನ್ನ ಅತ್ತೆಯ ಲೆಕ್ಕವನ್ನು ನೋಟುಪುಸ್ತಕದಲ್ಲಿ ಹಾಕತೊಡಗಿದಳು. ಬಿಡಿ ಹೂವಿನ ಬೆಲೆ ಇಷ್ಟು, ನೂಲಿನ ಬೆಲೆ ಇಷ್ಟು, ಮಾರಿದ ಹಣ ಇಷ್ಟು. ಕಳೆದು ಉಳಿದದ್ದೇ ಅತ್ತೆಯು ದೇಶದ ಆದಾಯಕ್ಕೆ ಕೂಡಿಸಿದ ಪಾಲು ಎಂದಳು. ಇನ್ನೊಬ್ಬಳು ಹೂವು ಕಟ್ಟಿದವರು ಯಾರೆಂದು ಕೇಳಿದಳು. ಬೆಳಗಿನ ಜಾವ ಎದ್ದು ಮನೆಯಲ್ಲಿ ಕಟ್ಟಿಕೊಡುವುದು ತನ್ನ ತಾಯಿಯೆಂದೂ, ಅದಕ್ಕೆ ಅತ್ತೆಯು ಹಣ ಕೊಡುವುದಿಲ್ಲವೆಂದೂ ಮೊದಲನೆಯವಳು ಹೇಳಿದಳು. ಹಾಗಾದರೆ ಆ ಪಾಲನ್ನು ತಾಯಿಯ ಹೆಸರಿಗೆ ಬರೆಯಬೇಕೇ, ಅತ್ತೆಯ ಹೆಸರಿಗೆ ಬರೆಯಬೇಕೇ ಎಂದು ವಾದವು ಹುಟ್ಟಿತು. ಎರಡು ಪಕ್ಷಗಳಾದವು. ನನ್ನನ್ನು ಕೇಳಿದರು, ನಾನು ಹೇಳಲಿಲ್ಲ. ರೈಲು ಹಲಸೂರಿಗೆ ಬಂದು ನಿಂತಾಗಲೂ ಅವರು ವಾದಿಸುತ್ತಲೇ ಇದ್ದರು. ಬಾಗಿಲು ಮುಚ್ಚುವುದರೊಳಗೆ ಹನ್ನೆರಡು ಜನರನ್ನೂ ಇಳಿಸುವುದೇ ನನಗೆ ಕಷ್ಟವಾಯಿತು.